ಸಾಹೇಬನನ್ನು ಗೇಲಿ ಮಾಡಲು ಹೋದರೆ ಜನ ಪಂಕಾದವನನ್ನು ನೋಡಿ ನಕ್ಕರು

ಪ್ರಶ್ನೆ: ನಮ್ಮದೊಂದು ಹವ್ಯಾಸಿ ತಂಡ. ಬ್ರಿಟಿಷರ ಕಾಲದ ಸುದ್ದಿಚಿತ್ರಗಳ ತುಣುಕು ಜೋಡಿಸಿ 12 ನಿಮಿಷದ ವಿಡಂಬನೆಯೊಂದನ್ನು ಮಾಡುತ್ತಿದ್ದೇವೆ. 1911ರ ದೆಹಲಿ ದರ್ಬಾರು, ಒಂದು ಟೀ ತೋಟ, ರೈಲು ಹಳಿ ಹಾಕುವ ಕೂಲಿಗಳು, ಬಂಗಲೆಯ ವರಾಂಡದಲ್ಲಿ ಕುಳಿತ ಸಾಹೇಬ ಮತ್ತು ಪಂಕಾ ಎಳೆಯುವ ಆಳು, ಇಷ್ಟೂ ಅಂತರ್ಜಾಲದಿಂದ ಇಳಿಸಿಕೊಂಡದ್ದು. ಮೇಲೆ ಕನ್ನಡದಲ್ಲಿ ಸಾಹೇಬರ ಗತ್ತಿನ ನಿರೂಪಣೆ ಹಾಕಿದ್ದೇವೆ. ಪರಿಚಯದ ಇಪ್ಪತ್ತು ಜನರಿಗೆ ತೋರಿಸಿದಾಗ ಎಲ್ಲರೂ ನಕ್ಕರು. ಆದರೆ ನಕ್ಕಿದ್ದು ಸಾಹೇಬನನ್ನು ನೋಡಿ ಅಲ್ಲ, ಪಂಕಾ ಎಳೆಯುವವನನ್ನೂ ಬುಟ್ಟಿ ಹೊತ್ತು ಓಡುವ ಹೆಂಗಸರನ್ನೂ ನೋಡಿ. ನಮಗೇ ಮುಜುಗರವಾಯಿತು. ಒಬ್ಬರು ‘ಇದು ಇತಿಹಾಸ ತಿರುಚಿದ ಹಾಗೆ, ರೈಲು ಕೊಟ್ಟವರು ಅವರೇ ತಾನೆ’ ಎಂದರು. ಇನ್ನೊಬ್ಬರು ಕಾಪಿರೈಟ್ ಕೇಸು ಬೀಳುತ್ತದೆ ಎಂದು ಹೆದರಿಸಿದ್ದಾರೆ. ನೂರು ವರ್ಷ ಹಳೆಯದಕ್ಕೂ ಕಾಪಿರೈಟ್ ಇರುತ್ತದೆಯೇ? ನಾವು ಏನನ್ನು ಸರಿಮಾಡಬೇಕು?

ಉತ್ತರ: ನೀವು ಕೇಳಿರುವುದು ಮೂರು ವಿಷಯ. ಕಾಪಿರೈಟ್ ಭಯಕ್ಕೆ ಕಾಗದಪತ್ರದಲ್ಲಿ ಪರಿಹಾರವಿದೆ, ರೈಲಿನ ವಾದಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿದೆ. ನಗು ತಪ್ಪು ಮನುಷ್ಯನ ಮೇಲೆ ಬೀಳುತ್ತಿರುವುದನ್ನು ಮಾತ್ರ ಎಡಿಟಿಂಗ್‌ನಲ್ಲೇ ಸರಿಪಡಿಸಬೇಕು. ಹಾಗಾಗಿ ಅದರಿಂದಲೇ ಶುರುಮಾಡುತ್ತೇನೆ.

ನಿಮ್ಮ ಪ್ರೇಕ್ಷಕರ ಮೇಲೆ ಸಿಟ್ಟಾಗಬೇಡಿ. ಅವರು ಕ್ಯಾಮೆರಾ ನೋಡು ಎಂದದ್ದನ್ನು ನೋಡಿದ್ದಾರೆ, ಅಷ್ಟೆ. ಈ ಶಾಟ್‌ಗಳನ್ನು ತೆಗೆದವರು ಸಾಹೇಬರ ಪಕ್ಕದಲ್ಲಿ ನಿಂತು, ಲಂಡನ್ನಿನ ಚಿತ್ರಮಂದಿರದ ಪ್ರೇಕ್ಷಕರಿಗಾಗಿ ತೆಗೆದವರು. ಆ ಪ್ರೇಕ್ಷಕರಿಗೆ ಸಾಹೇಬ ತಮ್ಮವನು, ಆಳು ತಮಾಷೆಯ ವಸ್ತು. ಆ ನೋಟ ಚೌಕಟ್ಟಿನಲ್ಲೇ ಕೂತಿದೆ. ನೀವು ಮೇಲೆ ಎಷ್ಟೇ ವ್ಯಂಗ್ಯದ ಮಾತು ಹಾಕಿದರೂ ಕಣ್ಣು ಕಿವಿಗಿಂತ ಮುಂದೆ ಓಡುತ್ತದೆ.

ಇನ್ನೊಂದು ಕಾರಣ ಶುದ್ಧ ತಾಂತ್ರಿಕ. ನಿಮ್ಮ ತುಣುಕುಗಳು ಬಹುಶಃ ತಪ್ಪು ವೇಗದಲ್ಲಿ ಓಡುತ್ತಿವೆ. ಮೂಕಚಿತ್ರದ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ 8 ಫ್ರೇಮು, ಅಂದರೆ 8 ಬಿಡಿ ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಅಂದರೆ ಸುಮಾರು 16 ಫ್ರೇಮು. ಕೈ ಸೋತರೆ ಕಡಿಮೆ, ಉತ್ಸಾಹ ಬಂದರೆ ಹೆಚ್ಚು. ಅದನ್ನೇ ಈಗ ಸೆಕೆಂಡಿಗೆ 24 ಅಥವಾ 25 ಫ್ರೇಮಿನಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗ. ಇಲ್ಲೊಂದು ಅನ್ಯಾಯವಿದೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತವನನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೂ ಅವನು ಸುಮ್ಮನೆ ಕುಳಿತೇ ಇರುತ್ತಾನೆ. ಹಗ್ಗ ಎಳೆಯುವವನು, ಬುಟ್ಟಿ ಹೊರುವವಳು, ಗುದ್ದಲಿ ಹಾಕುವವನು ಮಾತ್ರ ಕೀಲಿಬೊಂಬೆಯಾಗುತ್ತಾರೆ. ತಪ್ಪು ವೇಗ ದುಡಿಯುವವರನ್ನಷ್ಟೇ ಹಾಸ್ಯಾಸ್ಪದ ಮಾಡುತ್ತದೆ. ನಿಮ್ಮ ಮುಜುಗರದ ಅರ್ಧಭಾಗ ಇಲ್ಲೇ ಇದೆ.

ಸರಿಯಾದ ವೇಗ ಕಂಡುಹಿಡಿಯಲು ಸುಲಭದ ದಾರಿ ಸಿಪಾಯಿಗಳ ಹೆಜ್ಜೆ. ಬ್ರಿಟಿಷ್ ಕಾಲಾಳುಗಳ ಸಾಮಾನ್ಯ ಕವಾಯತು ನಿಮಿಷಕ್ಕೆ ಸುಮಾರು 120 ಹೆಜ್ಜೆ. ನಿಮ್ಮ ತುಣುಕಿನಲ್ಲಿ 10 ಸೆಕೆಂಡು ಎಣಿಸಿ, ಎಡ ಬಲ ಎರಡನ್ನೂ. 20 ಬಂದರೆ ವೇಗ ಸರಿಯಿದೆ. 30 ಬಂದರೆ ನಿಮಿಷಕ್ಕೆ 180 ಆಯಿತು, ಆಗ ತುಣುಕಿನ ವೇಗವನ್ನು ಶೇ. 66.7ಕ್ಕೆ ಇಳಿಸಿ. ರೈಫಲ್ ಪಡೆಗಳು ಮತ್ತು ಗೂರ್ಖಾಗಳ ನಡೆ ಸಹಜವಾಗಿಯೇ ಚುರುಕು, ನಿಮಿಷಕ್ಕೆ 140ರ ಆಸುಪಾಸು. ಅವರನ್ನು ಅಳತೆಗೋಲು ಮಾಡಿಕೊಂಡರೆ ಮಿಕ್ಕವರೆಲ್ಲ ತೂಕಡಿಸುತ್ತ ನಡೆದಂತೆ ಕಾಣುತ್ತಾರೆ. ಸಿಪಾಯಿಗಳಿಲ್ಲದ ಶಾಟಿನಲ್ಲಿ ಮೇಲಿಂದ ಬೀಳುವ ನೀರು, ಗಾಳಿಗೆ ಹಾರುವ ಬಟ್ಟೆ, ಮಕ್ಕಳ ಓಟ ನೋಡಿ. ಕುದುರೆಯನ್ನು ನಂಬಬೇಡಿ, ಅದರ ನಡೆಗಳಲ್ಲಿ ಬಗೆ ಹಲವು.

ನಿಧಾನ ಮಾಡುವಾಗ ಸಾಫ್ಟ್‌ವೇರು ನಡುವೆ ಹೊಸ ಫ್ರೇಮು ‘ಊಹಿಸಿ’ ತುಂಬುವ ಆಯ್ಕೆಯನ್ನು ಆರಿಸಬೇಡಿ. ಚಕ್ರದ ಕಡ್ಡಿಗಳು ಕರಗುತ್ತವೆ, ಕಾಲುಗಳು ರಬ್ಬರಾಗುತ್ತವೆ. ಇರುವ ಫ್ರೇಮನ್ನೇ ಪುನರಾವರ್ತಿಸುವ ಆಯ್ಕೆ ಸಾಕು. ಸಾಫ್ಟ್‌ವೇರಿನಲ್ಲಿ ಶಾಟುಗಳನ್ನು ಜೋಡಿಸುವ ಟೈಮ್‌ಲೈನನ್ನು ಸೆಕೆಂಡಿಗೆ 25ರ ಬದಲು 24 ಫ್ರೇಮಿಗೆ ಇಟ್ಟುಕೊಳ್ಳಿ. 16ರ ಚಿತ್ರವನ್ನು 24ಕ್ಕೆ ತರುವುದೆಂದರೆ ಪ್ರತಿ ಎರಡು ಫ್ರೇಮಿಗೆ ಮೂರು, ಒಂದು ಬಿಟ್ಟು ಒಂದನ್ನು ಎರಡು ಸಲ ತೋರಿಸಿದರಾಯಿತು. ಲಯ ಸಮವಾಗಿರುತ್ತದೆ. 25ರಲ್ಲಿ ಈ ಭಾಗಾಕಾರ ಕೂಡುವುದಿಲ್ಲ, ಚಿತ್ರ ಅಲ್ಲಲ್ಲಿ ಎಡವುತ್ತದೆ. ಅದಕ್ಕೂ ಮೊದಲು ತುಣುಕನ್ನು ಒಂದೊಂದೇ ಫ್ರೇಮು ಮುಂದಕ್ಕೆ ಸರಿಸಿ ನೋಡಿ. ಹಿಂದೆ ಯಾರೋ ಸಾಕ್ಷ್ಯಚಿತ್ರಕ್ಕೆಂದು ಫ್ರೇಮು ದುಪ್ಪಟ್ಟು ಮಾಡಿ ಮುದ್ರಿಸಿದ ಪ್ರತಿಯೇ ನಿಮ್ಮ ಕೈಗೆ ಬಂದಿರಬಹುದು. ಅದನ್ನು ಮತ್ತೆ ನಿಧಾನ ಮಾಡಿದರೆ ದರ್ಬಾರು ಶವಯಾತ್ರೆಯಾಗುತ್ತದೆ.

ವೇಗ ಎಷ್ಟು ಗಂಭೀರ ವಿಷಯ ಎನ್ನುವುದಕ್ಕೆ ನಿಮ್ಮ ದರ್ಬಾರಿನ ರೀಲಿನಲ್ಲೇ ಉದಾಹರಣೆಯಿದೆ. 1911ರ ಡಿಸೆಂಬರ್ 12ರಂದು ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಬ್ರಿಟಿಷ್ ದೊರೆ ಐದನೇ ಜಾರ್ಜ್ ಮುಂದೆ ಚುಟುಕಾಗಿ ತಲೆಬಾಗಿ, ಬೆನ್ನು ತಿರುಗಿಸಿ ನಡೆದರೆಂದು ದೊಡ್ಡ ಗುಲ್ಲೆದ್ದಿತು. ಆ ದೃಶ್ಯದ ಚಿತ್ರ ಲಂಡನ್ನಿನಲ್ಲಿ ಪ್ರದರ್ಶನವಾದಾಗ ಜನ ನೋಡಲು ಹೋದದ್ದೇ ಅವಮಾನ ಆಗಿತ್ತೋ ಇಲ್ಲವೋ ಎಂದು ತೀರ್ಮಾನಿಸಲು. ಮಹಾರಾಜರು ವೈಸ್‌ರಾಯ್ ಹಾರ್ಡಿಂಜ್‌ಗೆ ಕ್ಷಮೆಯ ಧಾಟಿಯ ವಿವರಣೆ ಬರೆಯಬೇಕಾಯಿತು. ಈಗ ಲೆಕ್ಕ ಹಾಕಿ: ಮೂರು ಸೆಕೆಂಡಿನ ನಮಸ್ಕಾರ ಒಂದೂವರೆ ಪಟ್ಟು ವೇಗದಲ್ಲಿ ಎರಡೇ ಸೆಕೆಂಡಿಗೆ ಮುಗಿಯುತ್ತದೆ. ವೇಗ ಹೆಚ್ಚಿದ ಚಿತ್ರದಲ್ಲಿ ಎಂಥ ವಿನಯವಂತನೂ ಉದ್ಧಟನೇ. ಸಾಮ್ರಾಜ್ಯ ಒಬ್ಬ ಅರಸನ ಸೊಂಟದ ಬಾಗುವಿಕೆಯನ್ನು ತೆರೆಯ ಮೇಲೆ ಅಳೆಯುತ್ತ ಕೂತಿತ್ತು ಎನ್ನುವುದೇ ಒಂದು ವಿಡಂಬನೆ. ಇದನ್ನು ನಿಮ್ಮ ಚಿತ್ರದಲ್ಲಿ ಮೊದಲು ತಪ್ಪು ವೇಗದಲ್ಲಿ, ಮತ್ತೆ ಸರಿ ವೇಗದಲ್ಲಿ, ಒಂದರ ಹಿಂದೆ ಒಂದು ತೋರಿಸಿ. ಮಾತು ಬೇಕಾಗುವುದಿಲ್ಲ.

ವೇಗದಷ್ಟೇ ಕೆಡುಕು ಮಾಡುವುದು ಅಂಚು ಕತ್ತರಿಸುವುದು. ಹಳೆಯ ಚಿತ್ರದ ಆಕಾರ 4:3. ಈಗಿನ 16:9 ತೆರೆ ತುಂಬಿಸಲು ಹಿಗ್ಗಿಸಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ಮೊಬೈಲಿಗೆಂದು ಉದ್ದುದ್ದ 9:16 ಮಾಡಿದರೆ ಅಗಲದಲ್ಲಿ ಶೇ. 42 ಮಾತ್ರ ಉಳಿಯುತ್ತದೆ. ವಸಾಹತು ಕಾಲದ ಚಿತ್ರಗಳಲ್ಲಿ ನಮಗೆ ಬೇಕಾದದ್ದು ಇರುವುದೇ ಅಂಚಿನಲ್ಲಿ: ಅರ್ಧ ಕಾಣುವ ಆಳು, ಗುಂಪನ್ನು ಹಿಂದಕ್ಕೆ ತಳ್ಳುವ ಪೊಲೀಸಿನವನ ಲಾಠಿ, ಛತ್ರಿ ಹಿಡಿದ ಕೈ. ಎರಡು ಬದಿ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರ ತೋರಿಸಿ. ನಿಮ್ಮ ಪಂಕಾ ಶಾಟಿನ ಪೂರ್ಣ ಚೌಕಟ್ಟು ಸಿಕ್ಕರೆ, ಹಗ್ಗ ಎಲ್ಲಿಂದ ಎಲ್ಲಿಗೆ ಹೋಗಿದೆ, ಗಾಳಿ ಯಾರಿಗೆ ಬೀಸುತ್ತಿದೆ ಎನ್ನುವುದು ತಾನಾಗಿ ಕಾಣಬಹುದು. ಯಂತ್ರಬುದ್ಧಿಯಿಂದ ಬಣ್ಣ ತುಂಬಿಸುವ, ಮುಖ ‘ಸ್ವಚ್ಛ’ ಮಾಡುವ ಆಸೆಯನ್ನೂ ಬಿಡಿ. ಆ ಬಣ್ಣ ಊಹೆಯದು, ಮುಖವೂ ಊಹೆಯದು. ತಮಾಷೆಯೆಂದರೆ 1911ರ ದರ್ಬಾರನ್ನು ಆಗಲೇ ಕಿನೆಮಾಕಲರ್ ಎಂಬ ಎರಡು ಬಣ್ಣದ ವಿಧಾನದಲ್ಲಿ ಚಿತ್ರೀಕರಿಸಿ 1912ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದರು. ಅದರ ಬಹುಭಾಗ ಈಗ ಉಳಿದಿಲ್ಲ. ಅಂತರ್ಜಾಲದಲ್ಲಿ ಓಡಾಡುವ ‘ಬಣ್ಣದ ದರ್ಬಾರು’ ಹೆಚ್ಚಿನಂಶ ನಿನ್ನೆ ಮೊನ್ನೆ ಬಳಿದದ್ದು.

ಈಗ ‘ಇತಿಹಾಸ ತಿರುಚಿದ ಹಾಗೆ’ ಎಂಬ ಆಕ್ಷೇಪಕ್ಕೆ ಬರೋಣ. ಇದರ ಹಿಂದೆ ಒಂದು ನಂಬಿಕೆಯಿದೆ: ಹಳೆಯ ಚಿತ್ರವೆಂದರೆ ಕಲಬೆರಕೆಯಿಲ್ಲದ ಸತ್ಯ, ನೀವು ಅದಕ್ಕೆ ಕೈಹಾಕಿ ಕೆಡಿಸುತ್ತಿದ್ದೀರಿ ಎಂದು. ನಂಬಿಕೆ ತಪ್ಪು. ವಿದೇಶಿಯರ ವಿರುದ್ಧ ಚೀನಾದಲ್ಲಿ ನಡೆದ ಬಾಕ್ಸರ್ ದಂಗೆಯ ಕಾಲದಲ್ಲಿ, 1900ರಲ್ಲಿ, ಬ್ರಿಟಿಷ್ ಚಿತ್ರ ತಯಾರಕ ಜೇಮ್ಸ್ ವಿಲಿಯಮ್ಸನ್ ಚೀನಾದ ಮಿಷನ್ನಿನ ಮೇಲಿನ ದಾಳಿಯ ಚಿತ್ರ ತೆಗೆದದ್ದು ಇಂಗ್ಲೆಂಡಿನ ಹೋವ್ ಪಟ್ಟಣದ ಒಂದು ಪಾಳುಮನೆಯ ಅಂಗಳದಲ್ಲಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕದನಗಳನ್ನು ಮಿಚೆಲ್ ಮತ್ತು ಕೆನ್ಯನ್ ಎಂಬ ಚಿತ್ರ ತಯಾರಕರು ಇಂಗ್ಲೆಂಡಿನ ತಮ್ಮೂರು ಬ್ಲ್ಯಾಕ್‌ಬರ್ನ್ ಸುತ್ತಲಿನ ಬಯಲಿನಲ್ಲಿ ಆಡಿಸಿ ತೆಗೆದರು. ದರ್ಬಾರಂತೂ ಕ್ಯಾಮೆರಾಗಳಿಗೆ ಜಾಗ ಗೊತ್ತುಮಾಡಿಯೇ ನಡೆದ ಪ್ರದರ್ಶನ.

ಧ್ವನಿಯ ಕಥೆ ಇನ್ನೂ ಸ್ವಾರಸ್ಯದ್ದು. 1930-40ರ ದಶಕದ ಸುದ್ದಿಚಿತ್ರಗಳಲ್ಲಿ ನೀವು ಕೇಳುವ ಗುಂಪಿನ ಜೈಕಾರ, ಆನೆಯ ಘೀಳು, ಬ್ಯಾಂಡು ಬಹಳ ಸಲ ಸ್ಥಳದ್ದಲ್ಲ. ಹೊರಗಡೆಯ ಚಿತ್ರೀಕರಣ ಹೆಚ್ಚಾಗಿ ಮೂಕವಾಗಿಯೇ ನಡೆಯುತ್ತಿತ್ತು. ಲಂಡನ್ನಿನ ಸ್ಟುಡಿಯೋದಲ್ಲಿ ಸಂಗ್ರಹದ ಸದ್ದು, ಸಂಗೀತ, ನಿರೂಪಣೆ ಸೇರಿಸುತ್ತಿದ್ದರು. ಅಂದರೆ ‘ಮೂಲ ಧ್ವನಿ’ಯನ್ನು ಕಿತ್ತುಹಾಕಿ ನಿಮ್ಮದನ್ನು ಹಾಕಿದ್ದೀರಿ ಎಂದು ಯಾರಾದರೂ ಆಕ್ಷೇಪಿಸಿದರೆ, ಅಲ್ಲಿದ್ದದ್ದೂ ಮೇಲಿಂದ ಅಂಟಿಸಿದ್ದೇ ಎಂದು ಧೈರ್ಯವಾಗಿ ಹೇಳಿ.

ಹಾಗೆಂದು ನೀವು ಏನು ಬೇಕಾದರೂ ಮಾಡಬಹುದು ಎಂದಲ್ಲ. ಅಂತರ್ಜಾಲದ ತುಣುಕಿನ ಶೀರ್ಷಿಕೆ ನಂಬುವುದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಿದ ಹಾಗೆ. ಅಂತರ್ಜಾಲವೇಕೆ, ಮೂಲ ಕ್ಯಾಟಲಾಗುಗಳೇ ತಪ್ಪಿವೆ. 1899ರ ಒಂದು ಪುಟ್ಟ ಚಿತ್ರದ ಹೆಸರು ‘ಗಂಗಾನದಿಯಿಂದ ಕಲ್ಕತ್ತೆಯ ನೋಟ’. ತೆರೆಯ ಮೇಲೆ ಕಾಣುವುದು ಕಾಶಿಯ ಘಾಟುಗಳು. ಭಾರತದಲ್ಲಿ ತೆಗೆದು ಉಳಿದಿರುವ ಅತಿ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಊರನ್ನೇ ತಪ್ಪಾಗಿ ಹೇಳಿ ಊರು ಆಳಿದವರ ಬಗ್ಗೆ ನಿಮ್ಮ ಚಿತ್ರದ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಶಾಟು ಸಿಗಲಿಕ್ಕಿಲ್ಲ. ಆದರೆ ನೀವೂ ಅದೇ ತಪ್ಪು ಮಾಡಿದರೆ ಕೋಲು ಕೊಟ್ಟು ಹೊಡೆಸಿಕೊಂಡಂತೆ. ವಿಡಂಬನೆ ಮಾಡುವವನು ದಿನಾಂಕದಲ್ಲಿ ಎಡವಿದರೆ ಜನ ಅವನ ವಾದವನ್ನೂ ಬಿಟ್ಟುಬಿಡುತ್ತಾರೆ.

ಅದಕ್ಕೆ ಒಂದು ತಪಶೀಲು ಪಟ್ಟಿ ಮಾಡಿ. ಒಂದು ಶಾಟಿಗೆ ಒಂದು ಸಾಲು: ಯಾವ ಸಂಗ್ರಹ, ಅಲ್ಲಿನ ಸಂಖ್ಯೆ, ರೀಲಿನಲ್ಲಿ ಎಷ್ಟನೇ ನಿಮಿಷ-ಸೆಕೆಂಡು, ಕ್ಯಾಟಲಾಗು ಹೇಳುವ ಸ್ಥಳ ಮತ್ತು ವರ್ಷ, ಚಿತ್ರದಲ್ಲೇ ಕಾಣುವ ಪುರಾವೆ (ಫಲಕ, ಸಮವಸ್ತ್ರ, ಕಟ್ಟಡ, ವಾಹನ), ನೀವು ಬದಲಾಯಿಸಿದ್ದೇನು, ಹಕ್ಕು ಯಾರದ್ದು. 12 ನಿಮಿಷಕ್ಕೆ 120ರಿಂದ 150 ಸಾಲು ಆಗಬಹುದು. ಬೇಸರದ ಕೆಲಸ, ಆದರೆ ಎಡಿಟಿಂಗ್ ಮುಗಿದ ಮೇಲೆ ಹುಡುಕುವುದು ಇದಕ್ಕಿಂತ ಬೇಸರದ್ದು.

ಕೆಲವಕ್ಕೆ ಪುರಾವೆ ಹುಡುಕಿ ಪ್ರಯೋಜನವಿಲ್ಲ, ಚಿತ್ರವೇ ಇಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸುಮಾರು 10 ನಿಮಿಷದಲ್ಲಿ 1,650 ಗುಂಡು ಹಾರಿದವು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ಅಲ್ಲಿ ಯಾವ ಚಲನಚಿತ್ರ ಕ್ಯಾಮೆರಾವೂ ಇರಲಿಲ್ಲ. ‘ಅಪರೂಪದ ಮೂಲ ದೃಶ್ಯ’ ಎಂದು ಹಂಚಿಕೆಯಾಗುವುದು ದಶಕಗಳ ನಂತರದ ಕಥಾಚಿತ್ರಗಳ ತುಣುಕು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿದ ಮೊದಲ ಪ್ರಯಾಣಿಕ ರೈಲಿನ ಚಿತ್ರವೂ ಇರಲು ಸಾಧ್ಯವಿಲ್ಲ, ಚಲನಚಿತ್ರ ಭಾರತಕ್ಕೆ ಬಂದದ್ದೇ 1896ರ ಜುಲೈನಲ್ಲಿ. 1943ರ ಬಂಗಾಳದ ಬರಗಾಲದಲ್ಲಿ ಸತ್ತವರು 20ರಿಂದ 30 ಲಕ್ಷವೆಂದು ಅಂದಾಜು. ಅದನ್ನು ಲೋಕದ ಕಣ್ಣಿಗೆ ತಂದದ್ದು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆ ಆ ವರ್ಷದ ಆಗಸ್ಟಿನಲ್ಲಿ ಅಚ್ಚುಹಾಕಿದ ನಿಶ್ಚಲ ಫೋಟೋಗಳು. 1930ರ ಉಪ್ಪಿನ ಸತ್ಯಾಗ್ರಹವನ್ನು ನಮ್ಮವರು ಚಿತ್ರೀಕರಿಸಿದ್ದರು, ಆ ಚಿತ್ರಗಳನ್ನು ಆಡಳಿತ ನಿಷೇಧಿಸಿತು. ಇಂಥ ಖಾಲಿಗಳನ್ನು ಬೇರೆ ಬರಗಾಲದ, ಬೇರೆ ಗೋಲಿಬಾರಿನ ತುಣುಕಿನಿಂದ ತುಂಬಬೇಡಿ. ಖಾಲಿಯನ್ನೇ ತೋರಿಸಿ: ಕಪ್ಪು ತೆರೆ, ಮೇಲೆ ದಿನಾಂಕ, ‘ಕ್ಯಾಮೆರಾ ಈ ದಿನ ಬೇರೆ ಕೆಲಸದಲ್ಲಿತ್ತು’ ಎಂಬ ಒಂದು ಸಾಲು, ಹಿಂದೆಯೇ ಯಾವುದಾದರೂ ಪೋಲೋ ಪಂದ್ಯ. ಎಂಟು ಸೆಕೆಂಡಿಗಿಂತ ಹೆಚ್ಚು ಬೇಡ. ಹೆಣಗಳ ಫೋಟೋದ ಮೇಲೆ ಮಾತ್ರ ನಗೆಯ ಸಾಲು ಬೀಳಬಾರದು. ಅಂಥ ಕಡೆ ವ್ಯಂಗ್ಯ ಅದರ ಹಿಂದಿನ ಶಾಟಿಗೇ ಮುಗಿದಿರಬೇಕು.

ವಿಡಂಬನೆ ಮಾಡುವ ವಿಧಾನಗಳು ಹಲವಿವೆ. ನೀವು ಆರಿಸಿಕೊಂಡದ್ದು, ಅಂದರೆ ಹೊಸ ಹುಸಿ ನಿರೂಪಣೆ, ಎಲ್ಲಕ್ಕಿಂತ ಸುಲಭವಾಗಿ ಕಾಣುವ, ಎಲ್ಲಕ್ಕಿಂತ ಅಪಾಯದ ದಾರಿ. ಎರಡು ಕಾರಣ. ನಿಮ್ಮ ನಿರೂಪಕ ಸಾಹೇಬನ ಧಾಟಿಯಲ್ಲಿ ಆಳುಗಳನ್ನು ಹೀಗಳೆಯುತ್ತಾನೆ. ನೋಡುವವರು ಆ ಹೀಗಳಿಕೆಗೇ ನಗುತ್ತಾರೆ, ಧಾಟಿಗಲ್ಲ. ಮತ್ತೆ, ಯಾರೋ 40 ಸೆಕೆಂಡು ಕತ್ತರಿಸಿ ಹಂಚಿದರೆ ಅದೇ ಅಸಲಿ ಎಂದು ಓಡಾಡುತ್ತದೆ. ಈ ದಾರಿ ಬಿಡಲಾರಿರಾದರೆ ನಿರೂಪಕ ಜನರ ಬಗ್ಗೆ ಒಂದು ಮಾತೂ ಆಡದೆ ತನ್ನ ಬಗ್ಗೆಯೇ ಕೊಚ್ಚಿಕೊಳ್ಳಲಿ. ‘ಇವರು ಸೋಮಾರಿಗಳು’ ಎಂಬ ಸಾಲು ತೆಗೆದು, ‘ಈ ಕುರ್ಚಿಯಲ್ಲಿ ಕುಳಿತು ಬೆಳಗಿನಿಂದ ಬಳಲಿದ್ದೇನೆ’ ಎಂದು ಹೇಳಿಸಿ. ಪಂಕಾದವನ ಮೇಲೆ ಒಂದು ಪದವೂ ಬೇಡ. ತೆರೆಯ ಮೂಲೆಯಲ್ಲಿ ‘ಹೊಸ ನಿರೂಪಣೆ’ ಎಂಬ ಸಣ್ಣ ಪಟ್ಟಿ ಕೊನೆಯವರೆಗೂ ಇರಲಿ, ಕತ್ತರಿಸಿದರೂ ಜೊತೆಗೇ ಹೋಗುವಷ್ಟು ಒಳಗೆ.

ಎರಡನೆಯ ದಾರಿ ಮೂಲ ನಿರೂಪಣೆಯನ್ನೇ ಉಳಿಸಿಕೊಳ್ಳುವುದು. ನನ್ನ ಮತ ಕೇಳಿದರೆ, ಅದಕ್ಕಿಂತ ಒಳ್ಳೆಯ ಹಾಸ್ಯ ಬರೆಯುವುದು ಕಷ್ಟ. ಆ ಗತ್ತು, ಆ ಖಚಿತತೆ ಯಾರಿಗೂ ಹೊಸದಾಗಿ ಬರೆಯಲು ಬರುವುದಿಲ್ಲ. ಆ ನಿರೂಪಣೆಯನ್ನು ಹಾಗೆಯೇ ಓಡಲು ಬಿಟ್ಟು, ಕನ್ನಡ ಅಡಿಬರಹವನ್ನು ಪದಕ್ಕೆ ಪದ ಪ್ರಾಮಾಣಿಕವಾಗಿ ಕೊಟ್ಟು, ಸರಿಯಾದ ಕಡೆ ತಡೆಯಿರಿ. ತಡೆಯುವುದು ದಾಖಲೆಯಿಂದ. ದರ್ಬಾರನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಕಿರೀಟಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲವೆಂದು ಆ ಒಂದು ಸಮಾರಂಭಕ್ಕಾಗಿ 60,000 ಪೌಂಡಿನ ಹೊಸ ಕಿರೀಟ ಮಾಡಿಸಿದರು. ಆರು ಸಾವಿರಕ್ಕೂ ಹೆಚ್ಚು ವಜ್ರ. ಅಂದು ರಾತ್ರಿ ದೊರೆ ದಿನಚರಿಯಲ್ಲಿ ಬರೆದುಕೊಂಡದ್ದು, ಮೂರೂವರೆ ಗಂಟೆ ಹೊತ್ತು ತಲೆ ನೋಯಿತು, ಬಹಳ ಭಾರವಿತ್ತು ಎಂದು. ಆಮೇಲೆ ಅದನ್ನು ಯಾವ ದೊರೆಯೂ ತೊಡಲಿಲ್ಲ, ಈಗ ಲಂಡನ್ ಗೋಪುರದಲ್ಲಿದೆ. ಮೆರವಣಿಗೆಯ ಶಾಟು, ತುತ್ತೂರಿ, ಸಟ್ಟನೆ ಸದ್ದು ನಿಲ್ಲಿಸಿ ದಿನಚರಿಯ ಆ ಸಾಲು, ಮತ್ತೆ ತುತ್ತೂರಿ. ನಗು ಯಾರ ತಲೆಯ ಮೇಲೆ ಬೀಳುತ್ತದೆಂದು ಹೇಳಬೇಕಿಲ್ಲ. ಇಂಥ ಸಾಲು ತೋರಿಸುವ ಬರಹದ ಪಟ್ಟಿ ತೆರೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ಹಳೆಯ ಲೆಕ್ಕವೇ ಸರಿ: ನಿಧಾನವಾಗಿ ಎರಡು ಸಲ ಓದುವಷ್ಟು. ನಗು ಬರುವಲ್ಲಿ ಮುಂದಿನ ಮಾಹಿತಿಗೆ ಮುನ್ನ ಎರಡು ಮೂರು ಸೆಕೆಂಡು ಖಾಲಿ ಬಿಡಿ, ಇಲ್ಲದಿದ್ದರೆ ನಗೆಯ ಅಡಿ ಅದು ಮುಚ್ಚಿಹೋಗುತ್ತದೆ.

ನಿಮ್ಮ ಸ್ನೇಹಿತರ ರೈಲಿನ ಮಾತಿಗೂ ಇದೇ ಮದ್ದು. ಅವರೊಂದಿಗೆ ವಾದಿಸಬೇಡಿ, ಹಳಿ ಹಾಕುವ ಶಾಟಿನ ಮೇಲೆ ಕರಾರಿನ ಷರತ್ತು ಬರೆಯಿರಿ. 1849ರಿಂದ ಶುರುವಾದ ಕರಾರುಗಳಲ್ಲಿ ರೈಲು ಕಂಪನಿಗಳ ಬಂಡವಾಳಕ್ಕೆ ಶೇ. 5 ಆದಾಯದ ಖಾತರಿಯಿತ್ತು, ಜಮೀನು ಪುಕ್ಕಟೆ. ಗಳಿಕೆ ಅದಕ್ಕಿಂತ ಕಡಿಮೆ ಬಿದ್ದರೆ ಕೊರತೆ ತುಂಬುವುದು ಭಾರತದ ಕಂದಾಯದಿಂದ. ಷೇರುದಾರರಲ್ಲಿ ಬಹುತೇಕರು ಬ್ರಿಟನ್ನಿನಲ್ಲಿದ್ದವರು. ನಷ್ಟದ ಭಯವೇ ಇಲ್ಲದವನು ಖರ್ಚಿನಲ್ಲಿ ಹಿಡಿತ ಇಟ್ಟುಕೊಳ್ಳುವುದಿಲ್ಲ, ಮೈಲಿಯ ವೆಚ್ಚ ಏರಿತು. ರೈಲಿನಿಂದ ಜನರಿಗೆ ಅನುಕೂಲವಾದದ್ದು ಸುಳ್ಳಲ್ಲ. ‘ಕೊಟ್ಟರು’ ಎಂಬ ಕ್ರಿಯಾಪದ ಮಾತ್ರ ಸುಳ್ಳು. ಅದನ್ನು ಹೇಳಲು ಒಂದೇ ಪಟ್ಟಿ ಸಾಕು, ಐದು ಪಟ್ಟಿ ಹಾಕಿದರೆ ಅದು ಪಾಠವಾಗುತ್ತದೆ.

ಮೂರನೆಯ ದಾರಿ, ಚಿತ್ರವನ್ನೇ ಕುಣಿಸುವುದು: ಹಿಂದೆ ಮುಂದೆ ಓಡಿಸುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ತಿರುಗಿಸುವುದು. ಇದರಲ್ಲಿ ಪಳಗಿದ್ದವರು ಬ್ರಿಟಿಷರೇ. ಎರಡನೇ ಮಹಾಯುದ್ಧದಲ್ಲಿ ಅವರ ಮಾಹಿತಿ ಸಚಿವಾಲಯದ ಚಾರ್ಲ್ಸ್ ರಿಡ್ಲಿ ನ್ಯೂರೆಂಬರ್ಗ್ ಮೆರವಣಿಗೆಯ ನಾಜಿ ಪ್ರಚಾರಚಿತ್ರವನ್ನು ಕತ್ತರಿಸಿ, ಹಿಟ್ಲರನ ಸೈನಿಕರು ಲಂಡನ್ನಿನ ಜನಪ್ರಿಯ ಕುಣಿತದ ಹಾಡಿಗೆ ಹಿಂದೆ ಮುಂದೆ ಹೆಜ್ಜೆ ಹಾಕುವಂತೆ ಮಾಡಿದರು. ಅದು ಕೆಲಸ ಮಾಡಿದ್ದೇಕೆಂದರೆ ಆ ಕವಾಯತಿನ ಗತ್ತನ್ನು ತೋರಿಸಿ ಹೆದರಿಸಿದವರು ನಾಜಿಗಳೇ. ನೀವು ಈ ತಂತ್ರವನ್ನು ವೈಸ್‌ರಾಯ್‌ಗೆ ಮಾಡಿ, ಬ್ಯಾಂಡಿನವರಿಗೆ ಮಾಡಿ, ಸಾಲಾಗಿ ಟೋಪಿ ಎತ್ತುವವರಿಗೆ ಮಾಡಿ. ಬುಟ್ಟಿ ಹೊತ್ತವರಿಗೆ ಮಾಡಬೇಡಿ. ಒಮ್ಮೆಗೆ ಮೂರು ನಾಲ್ಕು ಆವರ್ತನೆ ಸಾಕು, ಐದನೆಯದಕ್ಕೆ ನಗು ಬತ್ತುತ್ತದೆ.

ನಾಲ್ಕನೆಯದು ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಡುವುದು. ರಷ್ಯದ ನಿರ್ದೇಶಕಿ ಎಸ್ಫಿರ್ ಶುಬ್ 1927ರಲ್ಲೇ ತ್ಸಾರ್ ಮನೆತನದ ಸ್ವಂತ ಚಿತ್ರಗಳಿಂದಲೇ ತ್ಸಾರ್ ಪತನದ ಕಥೆ ಕಟ್ಟಿದ್ದರು. ನಿಮ್ಮ ವಿಷಯಕ್ಕೆ ಹೊಂದುವ ಒಂದು ಜೋಡಿ ಹೇಳುತ್ತೇನೆ: ವಸಾಹತೊಂದರಲ್ಲಿ ಧ್ವಜ ಇಳಿಸುವ ಗಂಭೀರ ಸಮಾರಂಭ, ಪಕ್ಕದಲ್ಲಿ ಕಡತಗಳ ಲೆಕ್ಕ. ವಸಾಹತು ಆಡಳಿತದ ಚಿತ್ರಹಿಂಸೆಯ ವಿರುದ್ಧ ಕೆನ್ಯಾದ ವೃದ್ಧರು ಹೂಡಿದ ಮೊಕದ್ದಮೆಯ ಹೊತ್ತಿನಲ್ಲಿ, 2011ರಲ್ಲಿ, 37 ಮಾಜಿ ವಸಾಹತುಗಳಿಂದ ಸಾಗಿಸಿ ಇಂಗ್ಲೆಂಡಿನ ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿ ಮುಚ್ಚಿಟ್ಟಿದ್ದ ಸುಮಾರು 8,800 ಕಡತಗಳಿವೆ ಎಂದು ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತು. ಸರ್ಕಾರಕ್ಕೆ ಮುಜುಗರ ತರುವ ಕಾಗದಗಳು ಹೊಸ ಸರ್ಕಾರದ ಕೈಗೆ ಸಿಗಬಾರದೆಂದು 1961ರಲ್ಲೇ ಆದೇಶವಿತ್ತು, ಬಹಳಷ್ಟನ್ನು ಸುಟ್ಟದ್ದೂ ಉಂಟು. ಅಪಾಯವೊಂದೇ: ಬೇರೆ ಬೇರೆ ಊರು, ವರ್ಷದ ಶಾಟುಗಳನ್ನು ಪಕ್ಕಪಕ್ಕ ಇಟ್ಟಾಗ ಒಂದೇ ದಿನ ನಡೆದಂತೆ ಕಾಣುತ್ತದೆ. ಎರಡರ ಮೇಲೂ ಸ್ಥಳ, ವರ್ಷ ಬರೆಯಿರಿ.

ಇನ್ನು ಕಾಪಿರೈಟ್. ‘ನೂರು ವರ್ಷವಾಯಿತು, ಎಲ್ಲರದ್ದು’ ಎನ್ನುವುದೂ ತಪ್ಪು, ‘ಮುಟ್ಟಿದರೆ ಕೇಸು’ ಎನ್ನುವುದೂ ತಪ್ಪು. ಒಂದೇ ತುಣುಕಿನಲ್ಲಿ ಹಲವು ಪದರಗಳಿವೆ ಎಂದು ತಿಳಿಯಿರಿ. ಚಿತ್ರಕ್ಕೆ ನಮ್ಮ 1957ರ ಕಾಯ್ದೆಯಲ್ಲಿ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ದರ್ಬಾರಿನ ಮೂಕಚಿತ್ರ ಭಾರತದ ಮಟ್ಟಿಗೆ ಎಂದೋ ಮುಕ್ತ. ಸಂಗೀತ ಬೇರೆ ಪದರ: ರಚನೆಕಾರ ತೀರಿಕೊಂಡ ಮೇಲೆ ಭಾರತದಲ್ಲಿ 60, ಬ್ರಿಟನ್ನಿನಲ್ಲಿ 70 ವರ್ಷ. ಇಂಗ್ಲಿಷ್ ರಚನೆಕಾರ ಎಲ್ಗರ್ 1934ರಲ್ಲಿ ತೀರಿಕೊಂಡರು, ಅವರ ಕವಾಯತು ಸಂಗೀತದ ರಚನೆ ಎರಡೂ ಕಡೆ ಮುಕ್ತ. ಆದರೆ ನೀವು ಇಳಿಸಿಕೊಂಡ ವಾದ್ಯವೃಂದದ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ. ಹಾರ್ಮೋನಿಯಂನಲ್ಲಿ ನೀವೇ ನುಡಿಸಿ ಮುದ್ರಿಸಿದರೆ ತಕರಾರೂ ಇಲ್ಲ, ವ್ಯಂಗ್ಯವೂ ಹೆಚ್ಚು.

ಮೂಲ ನಿರೂಪಣೆ ಉಳಿಸಿಕೊಳ್ಳುವ 1930-40ರ ದಶಕದ ಸುದ್ದಿಚಿತ್ರಕ್ಕೆ ಬ್ರಿಟನ್ನಿನಲ್ಲಿ ಹಕ್ಕು ಹೇಳುವವರು ಇರಬಹುದು. ಅಲ್ಲಿ 1957ಕ್ಕಿಂತ ಹಿಂದಿನ ಚಲನಚಿತ್ರಗಳಿಗೆ ನಿಯಮವೇ ಬೇರೆ ಬಗೆಯದು, ಬಿಡಿ ಫೋಟೋಗಳ ಸರಣಿಯೆಂದು ಎಣಿಸುತ್ತಾರೆ. ಆದರೆ 2014ರ ಅಕ್ಟೋಬರ್ 1ರಿಂದ ಬ್ರಿಟನ್ನಿನ ಕಾನೂನಿನಲ್ಲಿ ಅಣಕ, ವಿಡಂಬನೆಗೆ ಸ್ಪಷ್ಟ ವಿನಾಯಿತಿಯಿದೆ. ಬಳಕೆ ನ್ಯಾಯಸಮ್ಮತ ಪ್ರಮಾಣದಲ್ಲಿರಬೇಕು, ಅಷ್ಟೆ. ಕರಾರಿನಲ್ಲಿ ‘ಅಣಕ ಮಾಡಬಾರದು’ ಎಂದು ಬರೆಸಿಕೊಂಡರೂ ಅಲ್ಲಿ ಅದು ಊರ್ಜಿತವಲ್ಲ. ನಮ್ಮ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆಗೆ ನ್ಯಾಯಯುತ ಬಳಕೆಯ ಅವಕಾಶವಿದೆ, ‘ವಿಡಂಬನೆ’ ಎಂಬ ಪದವಿಲ್ಲ. ಆದ್ದರಿಂದ ನಿಮ್ಮ ಚಿತ್ರ ಆ ತುಣುಕನ್ನೇ ವಿಮರ್ಶಿಸುತ್ತಿದೆ ಎಂದು ತೋರುವಷ್ಟು ನಿಮಗೆ ಬಲ. ಬರೀ ಅಲಂಕಾರಕ್ಕೆ ಹಾಕಿದ ಸೂರ್ಯಾಸ್ತದ ಶಾಟಿಗೆ ಈ ರಕ್ಷಣೆ ಸಿಗುವುದಿಲ್ಲ, ಅಂಥವನ್ನು ಕಿತ್ತುಹಾಕಿ.

ಕೊನೆಯ ಪದರ ಕರಾರು. ಚಿತ್ರದ ಹಕ್ಕು ಮುಗಿದಿದ್ದರೂ ಒಳ್ಳೆಯ ಪ್ರತಿ ಇರುವುದು ಸಂಗ್ರಹಾಲಯದಲ್ಲಿ, ಅವರು ಪ್ರತಿ ಕೊಡುವುದಕ್ಕೆ ಷರತ್ತು ಹಾಕುತ್ತಾರೆ. ಅವರ ದರ ಸಾಮಾನ್ಯವಾಗಿ ಸೆಕೆಂಡಿನ ಲೆಕ್ಕ, ಅದರಲ್ಲೂ ಕನಿಷ್ಠ ಇಷ್ಟು ಎಂದಿರುತ್ತದೆ. ಯಾವ ದೇಶ, ಯಾವ ಮಾಧ್ಯಮ, ಎಷ್ಟು ವರ್ಷ ಎನ್ನುವುದರ ಮೇಲೆ ಏರಿಳಿತ. ಮೊದಲು ಚಿತ್ರದ ಮೇಲೆ ಸಮಯಸಂಖ್ಯೆ (ಟೈಮ್‌ಕೋಡ್) ಮುದ್ರಿಸಿದ ಕಡಿಮೆ ಗುಣಮಟ್ಟದ ಪ್ರತಿ ಕೇಳಿ ಪಡೆದು ಪೂರ್ತಿ ಎಡಿಟ್ ಮಾಡಿ, ಕೊನೆಗೆ ಬಳಸಿದಷ್ಟು ಸೆಕೆಂಡಿಗೆ ಮಾತ್ರ ಹಣ ಕಟ್ಟಿ. ಅರ್ಜಿಯಲ್ಲಿ ‘ಶೈಕ್ಷಣಿಕ ಚಿತ್ರ’ ಎಂದು ಮರೆಮಾಚಬೇಡಿ, ವಿಡಂಬನೆ ಎಂದೇ ಬರೆಯಿರಿ. ಸುಳ್ಳು ಹೇಳಿ ಪಡೆದ ಪರವಾನಗಿ ರದ್ದಾದರೆ ಇಡೀ ಚಿತ್ರ ಹಿಂತೆಗೆಯಬೇಕಾಗುತ್ತದೆ. ಹಣವಿಲ್ಲದಿದ್ದರೆ ಹಕ್ಕು ಮುಗಿದ ಮೂಕಚಿತ್ರಗಳಿಗೇ ನಿಂತುಬಿಡಿ. ವಿಡಿಯೋ ತಾಣದ ಯಂತ್ರ ಹೇಗೂ ಒಂದು ಆಕ್ಷೇಪ ಎತ್ತುತ್ತದೆ. ಅದು ನೋಟಿಸಲ್ಲ, ಕೇಸೂ ಅಲ್ಲ. ನಿಮ್ಮ ತಪಶೀಲು ಪಟ್ಟಿಯ ಆ ಸಾಲನ್ನು ಉತ್ತರದಲ್ಲಿ ಹಾಕಿ.

ಈಗ ಪಂಕಾ ಶಾಟು. ವೇಗ ಸರಿಮಾಡಿ, ಪೂರ್ಣ ಚೌಕಟ್ಟು ತನ್ನಿ, ನಿರೂಪಣೆ ಪೂರ್ತಿ ತೆಗೆಯಿರಿ, ಸಂಗೀತವನ್ನೂ. ಆಳು ಕ್ಯಾಮೆರಾ ಕಡೆ ನೋಡುವ ಕ್ಷಣ ಇದ್ದರೆ, ಇಂಥ ಚಿತ್ರಗಳಲ್ಲಿ ಅದು ಬಹಳ ಸಲ ಇರುತ್ತದೆ, ಅಲ್ಲಿಂದ ನಾಲ್ಕು ಸೆಕೆಂಡು ಹಾಗೆಯೇ ಬಿಡಿ. ಆಮೇಲೆ ಸಾಹೇಬನ ‘ಬಳಲಿದ್ದೇನೆ’ ಸಾಲು. ಇದನ್ನು ಮೊದಲು ನೋಡಿರದ ಹತ್ತು ಜನರಿಗೆ ತೋರಿಸಿ. ನೀವು ತೆರೆ ನೋಡದೆ ಅವರ ಮುಖ ನೋಡುತ್ತ, ನಗು ಬಂದ ಸೆಕೆಂಡನ್ನು ಗುರುತು ಹಾಕಿಕೊಳ್ಳಿ. ಆಳು ಕಾಣುವ ಸೆಕೆಂಡುಗಳಲ್ಲಿ ಇನ್ನೂ ನಗು ಬಂದರೆ ಆ ಶಾಟನ್ನೇ ಬಿಡಿ.